ಕೊನೆಯ ಬೆಂಚಿನ ಕೈ

ಬೆಳಿಗ್ಗೆ ಎದ್ದ ಕೂಡಲೇ ನೀವು ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ. ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಈಗಿನವರು ಫೋನ್ ನೋಡಿಕೊಳ್ಳುತ್ತಾರೆ. ನಾನು ಶಿಲುಬೆಯ ಗುರುತು ಹಾಕಿಕೊಂಡು, ಮಂಚದ ಪಕ್ಕದ ಡ್ರಾಯರ್ ಎಳೆದು, ಅದರಲ್ಲಿರುವ ಎರಡು ಕಾಲಿನ ಉಕ್ಕಿನ ಕವೆಯೊಂದನ್ನು ತೆಗೆದು ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿಯುತ್ತೇನೆ. ಟ್ಯೂನಿಂಗ್ ಫೋರ್ಕ್. ಕನ್ನಡ ಪುಸ್ತಕಗಳಲ್ಲಿ ಇದನ್ನು ಶ್ರುತಿಕವೆ ಎನ್ನುತ್ತಾರಂತೆ, ಎಷ್ಟು ಚಂದದ ಹೆಸರು! ನಮ್ಮ ಕಾನ್ವೆಂಟಿನಲ್ಲಿ ಮಾತ್ರ ಫೋರ್ಕ್ ಅಂದರೆ ಎರಡೇ: ಒಂದು ತಿನ್ನುವುದಕ್ಕೆ, ಇನ್ನೊಂದು ಹಾಡುವುದಕ್ಕೆ. ತಿನ್ನುವುದನ್ನು ಹಿಡಿಯಲು ಬಾರದವರಿಗೆ ಹಾಡುವುದನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಬಡಿದ ಕೂಡಲೇ ಅದು ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತದೆ. ಎಡಕಿವಿಗೆ ಒಮ್ಮೆ, ಬಲಕಿವಿಗೆ ಒಮ್ಮೆ. ಎರಡೂ ಕಡೆ ಕೇಳಿಸಿತೋ, ಪಾಸ್. ನಾಲ್ಕೈದು ವರ್ಷ ನಾನು ಹೀಗೆ ದಿನಾ ಬೆಳಿಗ್ಗೆ ನನಗೆ ನಾನೇ ಪರೀಕ್ಷೆ ಕೊಟ್ಟು, ನಾನೇ ಪೇಪರ್ ತಿದ್ದಿ, ನಾನೇ ಫಸ್ಟ್ ಕ್ಲಾಸ್ ಕೊಟ್ಟುಕೊಳ್ಳುತ್ತಿದ್ದೆ. ಆಮೇಲೆ ಇಡೀ ದಿನ ಮನೆಯವರೆಲ್ಲ ಬಾಯೊಳಗೇ ಗೊಣಗುತ್ತಾರೆ ಎಂದು ಅವರನ್ನು ಫೇಲ್ ಮಾಡುತ್ತಿದ್ದೆ.

ಈ ಕವೆ ನನಗೆ ಸಿಕ್ಕಿದ್ದು ಸಿಸ್ಟರ್ ಬೆನೆಡಿಕ್ಟಾ ಅವರಿಂದ. ಮಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಹಾಡು ಮತ್ತು ಎಲೊಕ್ಯೂಷನ್ ಎರಡನ್ನೂ ಕಲಿಸುತ್ತಿದ್ದವರು ಅವರೇ. ಶಾಲೆಯ ದೊಡ್ಡ ಹಾಲಿನ ನೆಲಕ್ಕೆ ಮೇಣ ಹಾಕಿ ತೆಂಗಿನ ಸಿಪ್ಪೆಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದರು. ಅದರ ಮೇಲೆ ನಡೆಯುವಾಗ ಜಾರಿ ಬೀಳಬಾರದು, ಆದರೆ ಜಾರುವ ಭಯ ಮುಖದಲ್ಲಿ ಕಾಣಿಸಲೂಬಾರದು. ಆ ಹಾಲಿನ ಒಂದು ತುದಿಯಲ್ಲಿ ಸ್ಟೇಜು, ಇನ್ನೊಂದು ತುದಿಯಲ್ಲಿ ಒಂದು ಉದ್ದನೆಯ ಬೆಂಚು. ಮೈಕ್ ಎಂಬ ಪದಾರ್ಥ ಇರಲಿಲ್ಲ. ಸ್ಟೇಜಿನ ಮೇಲೆ ನಿಂತ ಹುಡುಗಿ ಒಂದೊಂದು ವಾಕ್ಯ ಹೇಳಿದಾಗಲೂ ಕೊನೆಯ ಬೆಂಚಿನಲ್ಲಿ ಕೂತವಳು ಕೈ ಎತ್ತಬೇಕು. ಕೈ ಎದ್ದರೆ ವಾಕ್ಯ ತಲುಪಿತು. ಏಳದಿದ್ದರೆ, ಮತ್ತೆ ಹೇಳು.

ಆ ಕೊನೆಯ ಬೆಂಚಿನಲ್ಲಿ ಕೂರಲು ಇಡೀ ಶಾಲೆಯಿಂದ ಸಿಸ್ಟರ್ ಆರಿಸಿದ್ದು ನನ್ನನ್ನು. ಬೇರೆ ಶಾಲೆಗಳಲ್ಲಿ ಕೊನೆಯ ಬೆಂಚು ಅಂದರೆ ದಡ್ಡರಿಗೆ. ನಮ್ಮಲ್ಲಿ ಅದು ಸಿಂಹಾಸನ. ನನ್ನ ಕಿವಿ ಹಾಗಿತ್ತು. ಕಾರಿಡಾರಿನ ಆ ತಿರುವಿನಲ್ಲಿ ಮದರ್ ಸುಪೀರಿಯರ್ ಅವರ ಸೊಂಟದ ಜಪಮಾಲೆ ಕಿಣಿಕಿಣಿ ಎಂದರೆ ನನಗೆ ಕ್ಲಾಸಿನಲ್ಲಿ ಕೇಳಿಸುತ್ತಿತ್ತು. ನಾನು ಬೆನ್ನು ನೆಟ್ಟಗೆ ಮಾಡಿದರೆ ಸಾಕು, ನಲವತ್ತು ಹುಡುಗಿಯರು ಹುಣಸೆಹಣ್ಣು ನುಂಗಿ ಪುಸ್ತಕ ತೆರೆಯುತ್ತಿದ್ದರು.

ಒಮ್ಮೆ ಮಾತ್ರ ನಾನು ಆ ಬೆಂಚಿಗೆ ಮೋಸ ಮಾಡಿದೆ. ನನ್ನ ಪ್ರಾಣಸ್ನೇಹಿತೆ ಐರಿನ್ ಪೇರೆಂಟ್ಸ್ ಡೇಗೆ ಸ್ವಾಗತ ಭಾಷಣ ಮಾಡಬೇಕಾಗಿತ್ತು. ಪಾಪ, ಇಲಿಮರಿಯ ಸ್ವರ. ಅರ್ಧ ವಾಕ್ಯಗಳು ಮೂರನೆಯ ಸಾಲಿನಲ್ಲೇ ಬಿದ್ದು ಸಾಯುತ್ತಿದ್ದವು. ಕೈ ಏಳದಿದ್ದಾಗಲೆಲ್ಲ ಅವಳ ಕಣ್ಣಲ್ಲಿ ನೀರು. ನೋಡಲಾಗದೆ ನಾನು ಕೇಳಿಸದ ವಾಕ್ಯಕ್ಕೂ ಕೈ ಎತ್ತುತ್ತಾ ಹೋದೆ. ಕಾರ್ಯಕ್ರಮದ ದಿನ ತಂದೆತಾಯಂದಿರು ತುಂಬಿದ ಹಾಲಿನಲ್ಲಿ ಐರಿನ್ ಬಾಯಿ ಆಡಿಸುತ್ತಿದ್ದಳು, ಯಾರಿಗೂ ಏನೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಅವಳು ಅರ್ಧಕ್ಕೇ ಇಳಿದು ಓಡಿದಳು.

ಸಿಸ್ಟರ್ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಕರೆದು ಎದುರಿಗೆ ನಿಲ್ಲಿಸಿಕೊಂಡು, ಅವರ ಆ ತಣ್ಣನೆಯ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: “ಹಿಲ್ಡಾ, ಆ ಹುಡುಗಿ ಸ್ಟೇಜ್ ಹತ್ತಿದ್ದು ನಿನ್ನ ಕೈಯನ್ನು ನಂಬಿ. ಕೇಳಿಸದಿದ್ದರೆ ಕೈ ಕೆಳಗೇ ಇರಲಿ.”

ಶಾಲೆ ಬಿಡುವ ವರ್ಷ ಅವರೇ ಈ ಕವೆಯನ್ನು ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು. ಅಂದರೆ ಕ್ಷಮಿಸಿದ್ದರು ಎಂದೇ ನಾನು ತಿಳಿದುಕೊಂಡಿದ್ದೇನೆ.

ಮದುವೆಯಾಗಿ ಆಸ್ಟಿನ್ ಜೊತೆ ಕ್ವಾಲಾಲಂಪುರಕ್ಕೆ ಬಂದಾಗ ಟ್ರಂಕಿನಲ್ಲಿ ಸೀರೆ, ಕುಚ್ಚಲಕ್ಕಿ, ಒಣಮೀನು ಮತ್ತು ಈ ಕವೆ. ಆಸ್ಟಿನ್ ಆಫೀಸಿಗೆ ಹೋದರೆ ನನಗೆ ಮಾಡಲು ಏನೂ ಇಲ್ಲ. ಬಾಂಗ್ಸಾರಿನ ನಮ್ಮ ಸಾಲುಮನೆಯ ಮುಂದಿನ ಹಾಲಿನಲ್ಲಿ ಸ್ಪೀಚ್ ಅಂಡ್ ಡ್ರಾಮಾ ಕ್ಲಾಸು ಶುರುಮಾಡಿದೆ. ಚೀನೀ ಮಕ್ಕಳು, ತಮಿಳು ಮಕ್ಕಳು, ಮಲಾಯ್ ಮಕ್ಕಳು, ಎಲ್ಲರೂ ಮಾತಿನ ಬಾಲವನ್ನು ನುಂಗುವವರೇ. ಈ ದೇಶದ ಹವೆಗೋ ಏನೋ, ಇಂಗ್ಲಿಷ್ ಪದದ ಕೊನೆಯ ಅಕ್ಷರ ಕರಗಿಹೋಗುತ್ತದೆ. ಇಪ್ಪತ್ತೈದು ವರ್ಷ ನಾನು ಆ ಬಾಲಗಳನ್ನು ಹಿಡಿದು ವಾಪಸ್ ಅಂಟಿಸಿದೆ. ಅಡುಗೆಮನೆಯಲ್ಲಿ ಮೀನಿಗೆ ಮಸಾಲೆ ಹಚ್ಚುತ್ತಾ ಇದ್ದರೂ ಹಾಲಿನಲ್ಲಿ ಯಾರು ಎಲ್ಲಿ ‘ಟಿ’ ನುಂಗಿದರು ಎಂದು ನನಗೆ ತಿಳಿಯುತ್ತಿತ್ತು. ಇವತ್ತು ಈ ಊರಿನ ಕೋರ್ಟುಗಳಲ್ಲಿ ವಾದಿಸುವ ಒಂದಿಬ್ಬರು ವಕೀಲರ ‘ಟಿ’ಗಳು ನನ್ನವು. ಜಂಬ ಎನ್ನಿ ಬೇಕಾದರೆ. ಜಂಬವೇ.

ಇಂಥವಳಿಗೆ ಕಿವಿ ಮಂದವಾದರೆ ಏನಾಗುತ್ತದೆ ಹೇಳಿ? ತನಗೆ ಮಂದವಾಗಿದೆ ಎಂದು ಅವಳಿಗೆ ಹೊಳೆಯುವುದೇ ಇಲ್ಲ. ಜಗತ್ತಿನ ಡಿಕ್ಷನ್ ಕೆಟ್ಟಿದೆ ಎಂದೇ ತೋರುತ್ತದೆ. ಮೊದಲು ಟಿವಿಯಲ್ಲಿ ವಾರ್ತೆ ಓದುವವರು ಕೆಟ್ಟರು. ಆಮೇಲೆ ನಮ್ಮ ಪ್ಯಾರಿಷ್ ಪ್ರೀಸ್ಟ್. ಆಮೇಲೆ ವಾಷಿಂಗ್ ಮೆಷಿನ್: ಮುಗಿದಾಗ ಬೀಪ್ ಎನ್ನಬೇಕಾದದ್ದು ಎನ್ನದೆ ಬಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮುಗ್ಗಲು ಹಿಡಿಸತೊಡಗಿತು. ಎಲ್‌ಆರ್‌ಟಿ ರೈಲಿನ ಬಾಗಿಲು ಎಚ್ಚರಿಕೆ ಕೊಡದೆ ನನ್ನ ಕೊಡೆಯನ್ನು ಕಚ್ಚಿಕೊಂಡಿತು. ಈಗೀಗ ಎಲ್ಲದರ ಕ್ವಾಲಿಟಿ ಇಳಿದಿದೆ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ.

ಆಸ್ಟಿನ್ ಬಹಳ ಮೆಲುದನಿಯ ಮನುಷ್ಯ. “ಹಿಲ್ಡಾ, ಒಮ್ಮೆ ಕಿವಿ ತೋರಿಸುವ ಮಾರಾಯ್ತಿ” ಎಂದು ಎರಡು ಮೂರು ಸಲ ಹೇಳಿದ್ದರು. “ನೀವು ಮೊದಲು ಬಾಯಿ ಬಿಟ್ಟು ಮಾತಾಡಿ” ಎಂದಿದ್ದೆ. ಆರು ವರ್ಷದ ಹಿಂದೆ ಅವರು ಹೋದರು. ಆಮೇಲೆ ಮಗಳು ಲವೀನಾ, ಅಳಿಯ ಪ್ರವೀಣ್, ಮೊಮ್ಮಗಳು ಅನ್ಯಾ ಈ ಮನೆಗೇ ಬಂದರು. ಅಳಿಯ ಬೆಂಗಳೂರಿನವನು, ದಿನಾ ಸೈಬರ್‌ಜಯಾಕ್ಕೆ ಕಾರು ಓಡಿಸಿಕೊಂಡು ಹೋಗಿ ಸುಸ್ತಾಗಿ ಬರುವವನು. ಅವನಿಗೆ ಕೊಂಕಣಿ ಬಾರದ್ದರಿಂದ ಮನೆಯ ಮಾತು ಕನ್ನಡವಾಯಿತು.

“ಅತ್ತೆ, ನಿಮ್ಮ ಟಿವಿ ಎಲ್‌ಆರ್‌ಟಿ ಸ್ಟೇಷನ್ನಲ್ಲೂ ಕೇಳ್ತಿದೆ. ಟ್ರೈನ್ ಬರೋ ಅನೌನ್ಸ್‌ಮೆಂಟ್ ಜನಕ್ಕೆ ಕೇಳಿಸ್ತಿಲ್ವಂತೆ” ಎಂದು ಅವನು ತಮಾಷೆ ಮಾಡುತ್ತಿದ್ದ.

ಲವೀನಾಗೆ ತಮಾಷೆ ಬಾರದು. ವಕೀಲೆ. “ಮಮ್ಮಿ, ಒಂದು ಟೆಸ್ಟ್ ಮಾಡಿಸಿಕೊಂಡು ಬರುವ. ಹಾಫ್ ಆನ್ ಅವರ್ ಕೆಲಸ.”

“ನೀನು ‘ಟೆಸ್ಟ್’ ಅನ್ನುವುದರಲ್ಲಿ ಕೊನೆಯ ‘ಟಿ’ ಎಲ್ಲಿ ಹೋಯಿತು? ಮೊದಲು ಅದನ್ನು ಹುಡುಕು.”

“ನಾನು ಸರಿಯಾಗೇ ಹೇಳಿದ್ದೇನೆ ಮಮ್ಮಿ.”

“ಎಲ್ಲರೂ ಹಾಗೇ ಹೇಳುವುದು.”

ಹೇಳಲಾ, ತಪ್ಪಿಸಿಕೊಳ್ಳುವ ವಿದ್ಯೆಯಲ್ಲೂ ನಾನು ಕಡಿಮೆಯಿರಲಿಲ್ಲ. ಈ ದೇಶದ ಇಂಗ್ಲಿಷಿನಲ್ಲಿ ‘ಈಸ್ ಇಟ್?’ ಎಂಬ ಒಂದು ವರವಿದೆ. ಯಾರು ಏನೇ ಹೇಳಲಿ, ಹುಬ್ಬು ಸ್ವಲ್ಪ ಏರಿಸಿ ‘ಈಸ್ ಇಟ್?’ ಎಂದರೆ ಸಾಕು, ಸಾವಿಗೂ ಒಗ್ಗುತ್ತದೆ, ಸೇಲಿಗೂ ಒಗ್ಗುತ್ತದೆ. ಮಾಮಕ್ ಎನ್ನುವ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಯಾವಾಗಲೂ ಒಂದೇ ಆರ್ಡರು, ಸಕ್ಕರೆ ಕಡಿಮೆ ಹಾಕಿದ ಒಂದು ತೆ ತಾರಿಕ್. ನನ್ನನ್ನು ಕಂಡ ಕೂಡಲೇ ಅವರು ಚಹಾ ಎತ್ತಿ ಹೊಯ್ಯಲು ಶುರುಮಾಡುವುದರಿಂದ ಪ್ರಶ್ನೆಯೇ ಇಲ್ಲ. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಒಂದೇ ಸಮನೆ ನಾವೇ ಮಾತಾಡುತ್ತಿರುವುದು. ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಟ್ಟರೆ ತಾನೆ ಕಿವಿಗೆ ಕೆಲಸ?

ಹೀಗೆ ಮರ್ಯಾದೆಯಾಗಿ ಕಾಲ ಹೋಗುತ್ತಿರುವಾಗ ಅನ್ಯಾಳ ಭಾಷಣ ಬಂತು.

ವರ್ಷಕ್ಕೊಮ್ಮೆ ಇಲ್ಲಿನ ಕನ್ನಡಿಗರು ಒಂದು ಮಧ್ಯಾಹ್ನ ಹಾಲ್ ಹಿಡಿದು ಸೇರುತ್ತೇವೆ. ಮೆಡಿಕಲ್ ಕಾಲೇಜುಗಳ ಉಡುಪಿ ಕಡೆಯ ಡಾಕ್ಟರುಗಳು, ಪ್ರವೀಣನಂಥ ಕಂಪ್ಯೂಟರಿನವರು, ಬಿಸಿಬೇಳೆಭಾತಿನ ವಾಸನೆಗೆ ಬರುವ ನಮ್ಮ ಮಂಗಳೂರಿನವರು. ಮಕ್ಕಳೆಲ್ಲ ಕನ್ನಡದಲ್ಲಿ ಏನಾದರೂ ಮಾಡಬೇಕು. ಇಲ್ಲಿ ಬೆಳೆದ ಮಕ್ಕಳು ನಮಗೆ ಗೊತ್ತಲ್ಲ, ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಒಂಬತ್ತು ವರ್ಷದ ಅನ್ಯಾಳಿಗೆ ನಾನೇ ಎಂಟು ವಾಕ್ಯ ಬರೆದುಕೊಟ್ಟೆ. ನನ್ನ ಅಜ್ಜಿಯ ಊರು ಮಂಗಳೂರು ಎಂದು ಶುರು, ಅಲ್ಲಿ ಸಮುದ್ರವಿದೆ, ಮನೆಗಳಿಗೆ ಕೆಂಪು ಹಂಚಿದೆ, ಹೀಗೆ. ಏಳನೆಯ ವಾಕ್ಯ: ‘ನನ್ನ ಅಜ್ಜಿಗೆ ಸೂಜಿ ಬಿದ್ದರೂ ಕೇಳಿಸುತ್ತದೆ.’ ಎಂಟನೆಯದು: ‘ಎಲ್ಲರಿಗೂ ನಮಸ್ಕಾರ.’

ಏಳನೆಯದನ್ನು ಬರೆಯುವಾಗ ಕೈ ಸ್ವಲ್ಪವೂ ನಡುಗಲಿಲ್ಲ ನೋಡಿ.

ಸಿಸ್ಟರ್ ಬೆನೆಡಿಕ್ಟಾ ಪದ್ಧತಿಯಲ್ಲೇ ತಾಲೀಮು. ಅನ್ಯಾ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ನಿಲ್ಲಬೇಕು. ನಾನು ಮನೆಯ ಇನ್ನೊಂದು ತುದಿಯಲ್ಲಿ, ಕಾರು ನಿಲ್ಲಿಸುವ ಪೋರ್ಚಿನ ಗ್ರಿಲ್ಲಿಗೆ ಬೆನ್ನು ಕೊಟ್ಟು ಬೆತ್ತದ ಕುರ್ಚಿಯಲ್ಲಿ. ಒಂದೊಂದು ವಾಕ್ಯಕ್ಕೂ ಕೈ. ಕ್ಯಾಟರಾಕ್ಟ್ ಆಪರೇಷನ್ ಆದಮೇಲೆ ನನ್ನ ಕಣ್ಣು ಹದ್ದಿನ ಕಣ್ಣು. ತುಟಿ ಅಲ್ಲಾಡಿ ನಿಂತದ್ದು ಕಾಣಿಸುತ್ತಿತ್ತು, ವಾಕ್ಯಗಳು ನಾನೇ ಬರೆದದ್ದು, ಕೈ ಏಳುತ್ತಿತ್ತು. ನಾನು ಕೇಳುತ್ತಿದ್ದೇನೆ ಎಂದೇ ನನ್ನ ನಂಬಿಕೆ. ನೀವು ನಂಬದಿದ್ದರೆ ನಾನೇನೂ ಮಾಡಲಾರೆ.

ನಾಲ್ಕನೆಯ ದಿನ ಎಂಟು ವಾಕ್ಯಕ್ಕೆ ಎಂಟು ಸಲ ಕೈ ಎತ್ತಿ, “ಎಕ್ಸಲೆಂಟ್! ಫುಲ್ ಮಾರ್ಕ್ಸ್!” ಎಂದೆ. ಅನ್ಯಾ ಅಲ್ಲಿಂದ ಕದಲಲಿಲ್ಲ. ಆಮೇಲೆ ಮೆಲ್ಲಗೆ ಹಾಲು ದಾಟಿ ಬಂದು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ನಿಂತಳು.

“ಗ್ರ್ಯಾನಿ, ನಂಬರ್ ಸೆವೆನ್, ಐ ಡಿಡ್ ನಾಟ್ ಸೇ.”

“ಹೇಳಿದೆಯಲ್ಲ, ನಾನು ನೋಡಿದೆ.”

ನೋಡಿದೆ ಎಂದದ್ದು ನನ್ನ ಬಾಯಿಂದಲೇ ಬಂತು. ಅವಳು ತಲೆಯಾಡಿಸಿದಳು. “ಓನ್ಲಿ ಮೈ ಮೌತ್ ಮೂವ್ಡ್. ನೋ ಸೌಂಡ್. ಎಸ್ಟರ್‌ಡೇ ಆಲ್ಸೋ.”

“ಯಾಕೆ?”

“ಬಿಕಾಸ್ ಇಟ್ಸ್ ನಾಟ್ ಟ್ರೂ, ಗ್ರ್ಯಾನಿ.” ಇನ್ನೂ ಹತ್ತಿರ ಬಂದು, ನನ್ನ ಮುಖವನ್ನೇ ನೋಡುತ್ತಾ ಒಂದೊಂದೇ ಪದ ಬಿಡಿಸಿ ಹೇಳಿದಳು: “ಐ ವೋಂಟ್ ಟೆಲ್ ಮಮ್ಮಿ.”

ಎಪ್ಪತ್ತನಾಲ್ಕು ವರ್ಷದಲ್ಲಿ ನನ್ನನ್ನು ಬೈದವರಿದ್ದಾರೆ, ಗೇಲಿ ಮಾಡಿದವರಿದ್ದಾರೆ. ನನ್ನ ಗುಟ್ಟು ಕಾಪಾಡುತ್ತೇನೆಂದು ಮಾತು ಕೊಟ್ಟವರು ಯಾರೂ ಇರಲಿಲ್ಲ. ಅವಳು ಆಟಕ್ಕೆ ಹೋದಮೇಲೆ ಅದೇ ಕುರ್ಚಿಯಲ್ಲಿ ಕೂತೇ ಇದ್ದೆ. ಕಿವಿ ಹೋದದ್ದು ನನಗೆ ನಾಚಿಕೆಯೆನಿಸಲಿಲ್ಲ. ಕೈ. ಸುಳ್ಳು ಹೇಳಿದ್ದು ಆ ಕೈ. ಅನ್ಯಾಳ ಸ್ವರ ಆ ಹಾಲಿನಲ್ಲಿ ಮೂರನೆಯ ಸಾಲಿನಲ್ಲೇ ಬಿದ್ದುಹೋದರೆ ಏನು ಮಾಡಲಿ ಎಂದು ಐರಿನ್ ನೆನಪಾದಳು, ಇಳಿದು ಓಡಿದ ಅವಳ ಬಿಳಿ ಸಾಕ್ಸು ನೆನಪಾಯಿತು. ಆಮೇಲೆ, ಕರೆಯದೆಯೇ, ಆಸ್ಟಿನ್. ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಿಂದ ಅವರು ಏನೇನೋ ಹೇಳುತ್ತಿದ್ದರು. ಮೊದಲೇ ಮೆಲುದನಿ, ಕಾಯಿಲೆಯಲ್ಲಿ ಇನ್ನೂ ಮೆಲು. ನಾನು ಪಕ್ಕದಲ್ಲಿ ಕೂತು ಎಲ್ಲದಕ್ಕೂ ‘ಹೂಂ’ ಎನ್ನುತ್ತಿದ್ದೆ. ಎಷ್ಟು ಮಾತಿಗೆ ಸುಳ್ಳು ಹೂಂ ಎಂದೆನೋ, ಅದರಲ್ಲಿ ಪ್ರಶ್ನೆಗಳೆಷ್ಟಿದ್ದವೋ, ಇನ್ನು ಯಾರನ್ನು ಕೇಳಲಿ?

ಮರುದಿನ ಬೆಳಿಗ್ಗೆ ಲವೀನಾ ಟೋಸ್ಟಿಗೆ ಕಾಯಾ ಜ್ಯಾಮ್ ಹಚ್ಚುತ್ತಿದ್ದಳು. “ನಾಳೆ ರಜೆ ಹಾಕು. ಕಿವಿ ತೋರಿಸಬೇಕು” ಎಂದೆ.

ಚಾಕು ನಿಂತಿತು. “ಮಮ್ಮಿ, ಆರ್ ಯು ಶ್ಯೂರ್?”

“ಒಂದು ಸಲ ಹೇಳಿದರೆ ಕೇಳಿಸುವುದಿಲ್ಲವಾ ನಿನಗೆ?”

ಪ್ರವೀಣ್ ಕಾಫಿ ಕಪ್ಪಿನ ಹಿಂದೆ ಮುಖ ಮುಚ್ಚಿಕೊಂಡ. ಅನ್ಯಾ ನನ್ನನ್ನು ನೋಡಲೇ ಇಲ್ಲ. ಗುಟ್ಟು ಕಾಪಾಡುವುದರಲ್ಲಿ ಅಷ್ಟು ಗಟ್ಟಿ ಹುಡುಗಿ.

ಟ್ಯೂನಿಂಗ್ ಫೋರ್ಕನ್ನು ಸಾಕ್ಷಿಗೆಂದು ಬ್ಯಾಗಿನಲ್ಲಿ ಹಾಕಿಕೊಂಡೇ ಹೋದೆ. ಕಿವಿ ಪರೀಕ್ಷೆ ಮಾಡುವವಳು ಚಿಕ್ಕ ಹುಡುಗಿ, ಆಯಿಷಾ ಎಂದು ಹೆಸರು, ತಿಳಿನೀಲಿ ತುಡುಂಗ್ ತಲೆಗೆ ಸುತ್ತಿಕೊಂಡಿದ್ದಳು. ನನ್ನನ್ನು ಒಂದು ಗಾಜಿನ ಕಿಟಕಿಯ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು. ಶಬ್ದ ಕೇಳಿಸಿದಾಗ ಒತ್ತಬೇಕು. ಅಷ್ಟೇ.

ಅಷ್ಟೇ ಏನು, ಅದು ಕೊನೆಯ ಬೆಂಚೇ ಅಲ್ಲವೇ!

ಮೊದಲು ದಪ್ಪ ಸ್ವರಗಳು ಬಂದವು. ಒತ್ತಿದೆ, ಒತ್ತಿದೆ, ಒತ್ತಿದೆ. ಆಮೇಲೆ ಸ್ವರ ಮೇಲೇರುತ್ತಾ, ತೆಳುವಾಗುತ್ತಾ, ಇನ್ನಿಲ್ಲವಾಯಿತು. ಗಾಜಿನಾಚೆ ಆಯಿಷಾಳ ಬೆರಳು ಯಂತ್ರದ ಮೇಲೆ ಆಡುತ್ತಿರುವುದು ನನ್ನ ಹದ್ದಿನ ಕಣ್ಣಿಗೆ ಚೆನ್ನಾಗಿ ಕಾಣಿಸುತ್ತಿತ್ತು. ಅವಳ ಬೆರಳು ಅಲ್ಲಾಡಿದಾಗಲೆಲ್ಲ ಒತ್ತಿಬಿಟ್ಟರೆ ನೂರಕ್ಕೆ ನೂರು. ಹೆಬ್ಬೆರಳು ಗುಂಡಿಯ ಮೇಲೆ ತುರಿಸುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಮುಂದೆ ಕೂತಂತೆ ಕೂತೆ. ಎಷ್ಟೋ ಹೊತ್ತು ಏನೂ ಕೇಳಿಸಲಿಲ್ಲ. ನಾನೂ ಏನೂ ಒತ್ತಲಿಲ್ಲ. ನನ್ನ ಜೀವನದಲ್ಲಿ ಪಾಸಾದ ಪರೀಕ್ಷೆಗಳು ಬೇಕಾದಷ್ಟಿವೆ. ನನಗೆ ಈಗ ಹೆಮ್ಮೆಯೆನಿಸುವುದು ಹೀಗೆ ನೆಟ್ಟಗೆ ಕೂತು ಫೇಲಾದ ಈ ಒಂದು ಪರೀಕ್ಷೆಯ ಬಗ್ಗೆ.

ಹೊರಗೆ ಬಂದಾಗ ಆಯಿಷಾ ನಕ್ಕಳು. “ಆಂಟಿ ವೆರಿ ಆನೆಸ್ಟ್ ಲಾ! ಅದರ್ ಪೀಪಲ್ ಆಲ್ ಪ್ರೆಸ್ ಪ್ರೆಸ್ ಓನ್ಲಿ.”

ನಾನು ಫೋರ್ಕ್ ತೆಗೆದು ಮೇಜಿನ ಮೇಲಿಟ್ಟೆ. ದಿನಾ ಇದು ಕೇಳಿಸುತ್ತದಲ್ಲ, ಇದಕ್ಕೇನು ಹೇಳುತ್ತೀ? ಅವಳು ಅದನ್ನು ಗೌರವದಿಂದ ಎತ್ತಿ, ಬಡಿದು, ತನ್ನ ಕಿವಿಗೇ ಹಿಡಿದು ನೋಡಿದಳು. ಇದು ಕೆಳಗಿನ ಸ್ವರ ಆಂಟಿ, ನಿಮ್ಮ ಕೆಳಗಿನ ಸ್ವರಗಳೆಲ್ಲ ಚೆನ್ನಾಗಿವೆ ಎಂದು ವಿವರಿಸಿದಳು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನಂತೆ. ಯಂತ್ರದ ಬೀಪು, ‘ಎಸ್’, ‘ಎಫ್’, ‘ಟಿ’ಯಂಥ ಅಕ್ಷರಗಳು, ಚಿಕ್ಕ ಮಕ್ಕಳ ತೆಳು ಮಾತು. ನಾನು ಇಷ್ಟು ವರ್ಷ ದಿನಾ ಬೆಳಿಗ್ಗೆ ತಪ್ಪು ಪ್ರಶ್ನೆಪತ್ರಿಕೆಗೆ ಸರಿಯಾದ ಉತ್ತರ ಬರೆಯುತ್ತಿದ್ದೆ. ‘ಟಿ’ ಎಂಬ ಮಾತು ಬಂದಾಗ ಲವೀನಾ ಕಿಟಕಿಯ ಕಡೆ ತಿರುಗಿ ಕೆಮ್ಮಿದಳು. ಅಪ್ಪನ ಮಗಳು.

ಕಿವಿಯ ಹಿಂದೆ ಇಟ್ಟುಕೊಳ್ಳುವ ಪುಟ್ಟ ಯಂತ್ರಗಳಿಗೆ ಬಣ್ಣ ಆರಿಸಬೇಕಾಯಿತು. ಮೈಬಣ್ಣದ್ದು ತೆಗೆದುಕೊಂಡರೆ ಯಾರಿಗೂ ಕಾಣಿಸುವುದಿಲ್ಲ ಎಂದಳು ಆಯಿಷಾ. ಕಾಣಿಸದೆ ಇರಲು ಅದೇನು ಪೆಟಿಕೋಟೇ? ನಾನು ಮೆರೂನ್ ಆರಿಸಿದೆ, ನಮ್ಮ ಕಾನ್ವೆಂಟಿನ ಟೈಯ ಬಣ್ಣ.

ಹಾಕಿಕೊಂಡ ಮೊದಲ ದಿನಗಳ ಕಥೆ ಕೇಳಬೇಡಿ. ಪೇಪರ್ ತಿರುವಿದರೆ ತಗಡು ಹರಿದಂತೆ. ಪ್ರವೀಣ್ ಮುರುಕ್ಕು ತಿಂದರೆ ಮನೆ ಕೆಡವುತ್ತಿದ್ದಾರೇನೋ ಎನಿಸುತ್ತಿತ್ತು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದಾಗ ನಾನು ಎದ್ದು ನಿಂತೆ. ಈ ಮನೆಯಲ್ಲಿ ಹಲ್ಲಿಗಳು ಮೂಕವಾಗಿ ಎಷ್ಟು ವರ್ಷವಾಗಿತ್ತು! ವಾಷಿಂಗ್ ಮೆಷಿನ್ ಬೀಪ್ ಎಂದಿತು. ಅದರ ಮೈಮೇಲೆ ಕೈಯಿಟ್ಟು “ಸಾರಿ” ಎಂದೆ. ಮತ್ತೆ ಅನ್ಯಾ. ಅವಳ ಸ್ವರ ನನಗೆ ಗೊತ್ತು ಎಂದುಕೊಂಡಿದ್ದೆ. ಅದರ ತುದಿಯಲ್ಲಿ ಒಂದು ಚೂರು ಕಿಣಿಕಿಣಿಯಿದೆ ಎಂದು ಗೊತ್ತಿರಲಿಲ್ಲ, ಕಾರಿಡಾರಿನ ತಿರುವಿನಲ್ಲಿ ಬರುತ್ತಿದ್ದ ಆ ಜಪಮಾಲೆಯ ಹಾಗೆ.

ಮತ್ತೆ ತಾಲೀಮು ಶುರುವಾಯಿತು. ಮೊದಲ ದಿನ ಎಂಟು ವಾಕ್ಯಕ್ಕೆ ಮೂರೇ ಸಲ ಕೈ ಎದ್ದಿತು. ಅನ್ಯಾಳದು ನಿಜವಾಗಿಯೂ ಇಲಿಮರಿಯ ಸ್ವರ, ಐರಿನ್‌ಳಂತೆಯೇ! “ಗ್ರ್ಯಾನಿ, ಯು ಆರ್ ಸೋ ಸ್ಟ್ರಿಕ್ಟ್ ನೌ” ಎಂದು ಮುಖ ಊದಿಸಿಕೊಂಡಳು. ಎರಡು ವಾರದಲ್ಲಿ ಏಳಕ್ಕೆ ಬಂದೆವು. ಏಳನೆಯ ವಾಕ್ಯವನ್ನು ಹೊಡೆದುಹಾಕು ಎಂದೆ. ಬೇಡ, ನಾನೇ ಬೇರೆ ಬರೆಯುತ್ತೇನೆ, ಆದರೆ ತೋರಿಸುವುದಿಲ್ಲ ಎಂದಳು. ಹಾಗಾಗಿ ಆ ಒಂದು ವಾಕ್ಯ ಮಾತ್ರ ತಾಲೀಮಿಲ್ಲದೆ ಉಳಿಯಿತು.

ಆ ಮಧ್ಯಾಹ್ನ ಹಾಲ್ ತುಂಬಿತ್ತು. ಲವೀನಾ ಪ್ರವೀಣ್ ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಿಡಿದಿದ್ದರು. ನಾನು ನೇರ ಹಿಂದಕ್ಕೆ ಹೋಗಿ, ಅನ್ನದ ಪಾತ್ರೆಗಳ ಪಕ್ಕ, ಕೊನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಕೂದಲು ಎತ್ತಿ ಕಟ್ಟಿದ್ದೆ, ಮೆರೂನ್ ಕಾಣಿಸಲಿ ಎಂದೇ. ಅನ್ಯಾ ಸ್ಟೇಜಿಗೆ ಬಂದಳು. ಮೈಕಿನ ಸ್ಟ್ಯಾಂಡು ಜಪ್ಪಯ್ಯ ಎಂದರೂ ಕೆಳಗಿಳಿಯಲಿಲ್ಲ, ಅವಳ ತಲೆಯ ಮೇಲೆ ಕೊಕ್ಕರೆಯ ಹಾಗೆ ನಿಂತುಕೊಂಡಿತು. ಅವಳು ಅದನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಎಲ್ಲ ತಲೆಗಳ ಮೇಲಿಂದ ನನ್ನನ್ನು ಹುಡುಕಿದಳು.

ನನ್ನ ಅಜ್ಜಿಯ ಊರು ಮಂಗಳೂರು. ಕೈ ಎದ್ದಿತು. ಅಲ್ಲಿ ಸಮುದ್ರವಿದೆ. ಕೈ. ಅನ್ನ ಬಡಿಸಲು ನಿಂತಿದ್ದ ಡಾಕ್ಟರೊಬ್ಬರು ಈ ಮುದುಕಿಗೆ ಏನೋ ಬೇಕಾಗಿದೆ ಎಂದು ನೀರು ತಂದುಕೊಟ್ಟರು. ಆರು ವಾಕ್ಯ, ಆರು ಕೈ. ಏಳನೆಯದಕ್ಕೆ ಅವಳ ಸ್ವರ ಒಮ್ಮೆಲೇ ಇಳಿಯಿತು. ಹೊಸ ವಾಕ್ಯ, ಅವಳದೇ ವಾಕ್ಯ, ಭಯವಾಗಿರಬೇಕು. ತುಟಿ ಅಲ್ಲಾಡಿತು. ನನಗೆ ಏನೂ ಕೇಳಿಸಲಿಲ್ಲ.

ಇಡೀ ಹಾಲು ಕಾಯುತ್ತಿತ್ತು. ಮಗು ಮರೆತುಬಿಟ್ಟಿತು ಎಂದು ಮುಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಚಪ್ಪಾಳೆ ಶುರುಮಾಡಿದರು. ಲವೀನಾ ಹಿಂತಿರುಗಿ, ‘ಎತ್ತು ಮಮ್ಮಿ, ಎತ್ತು’ ಎಂದು ಕಣ್ಣಲ್ಲೇ ಬೇಡಿಕೊಂಡಳು. ಅನ್ಯಾ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ತೊಡೆಯ ಮೇಲೆ ಇತ್ತು. ಅಲ್ಲೇ ಇತ್ತು.

ಅವಳು ಉಸಿರು ಎಳೆದುಕೊಂಡಳು. ಭುಜ ಎರಡೂ ಮೇಲೇರಿ ಇಳಿದದ್ದು ಅಷ್ಟು ದೂರಕ್ಕೂ ಕಾಣಿಸಿತು.

“ಕೇಳಿಸದಿದ್ದರೆ ನನ್ನ ಅಜ್ಜಿ ಕೈ ಎತ್ತುವುದಿಲ್ಲ!”

ಕೇಳಿಸಿತು. ಕೊನೆಯ ಕುರ್ಚಿಯವರೆಗೂ ಬಂತು. ಆದರೆ ಕೈ ಎತ್ತಬೇಕೆಂಬುದು ನನಗೆ ಒಂದು ಗಳಿಗೆ ಮರೆತೇಹೋಯಿತು, ಬ್ಯಾಗಿನಲ್ಲಿ ಕರ್ಚೀಫು ಹುಡುಕುತ್ತಿದ್ದೆ. ಕೇಳಿಸಲಿಲ್ಲವೆಂದುಕೊಂಡು ಆ ಹುಡುಗಿ ಅದೇ ವಾಕ್ಯವನ್ನು ಮೂರನೆಯ ಸಲ ಹೇಳಿದಳು, ಹೊರಗೆ ಕಾರ್ ಪಾರ್ಕಿನಲ್ಲಿ ಸಿಗರೇಟು ಸೇದುತ್ತಿದ್ದವರೂ ತಿರುಗಿ ನೋಡುವಂತೆ, ಒಂದೇ ಒಂದು ಅಕ್ಷರವನ್ನೂ ನುಂಗದೆ.